ಥೇಮ್ಸ್ ತೀರ: ವಿಹಾರವೂ ಇತಿಹಾಸವೂ

ನದಿ ಮತ್ತು ನಗರ

ಜಗತ್ತಿನ ಮಹಾನಗರಗಳ ಚರಿತ್ರೆಯನ್ನು ಪರಿಶೀಲಿಸಿದರೆ ಅದರ ಮೊದಲ ಪುಟದಲ್ಲಿ ಬಹುಮಟ್ಟಿಗೆ ಒಂದು ನದಿಯೋ ಒಂದು ಕಡಲೋ ಕಾಣಿಸಿಕೊಳ್ಳುತ್ತದೆ. ಕುಡಿಯುವ ನೀರು, ಸರಕಿನ ಸಾಗಣೆ, ಶತ್ರುವಿನಿಂದ ರಕ್ಷಣೆ ಎಂಬ ಮೂರು ಕಾರಣಗಳಿಂದ ಜನ ನದಿಯ ದಡದಲ್ಲಿ ನೆಲೆಸಿದರು. ವಿಹಾರವೆಂಬುದು ಬಹುಕಾಲದ ಅನಂತರ ಬಂದದ್ದು. ಹೊಟ್ಟೆ ತುಂಬಿ, ಭಯ ಕಳೆದು, ಸಂಜೆಗೆ ಎರಡು ಗಳಿಗೆ ಬಿಡುವು ದೊರೆತ ಮೇಲೆ ಮಾತ್ರ ಮನುಷ್ಯನು ನದಿಯನ್ನು ನೋಡುವುದಕ್ಕೆಂದೇ ನದಿಯ ಬಳಿಗೆ ಹೋದನು.

ಆದುದರಿಂದ ನದೀತೀರದ ವಿಹಾರಸ್ಥಾನವನ್ನು ಅಭ್ಯಾಸ ಮಾಡುವವರು ಎರಡು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ಅಲ್ಲಿ ನೋಡತಕ್ಕದ್ದು ಏನು? ಅದು ನೋಡತಕ್ಕದ್ದಾಗಿ ಆದದ್ದು ಹೇಗೆ? ಮೊದಲನೆಯ ಪ್ರಶ್ನೆಗೆ ಪ್ರವಾಸದ ಕೈಪಿಡಿಗಳು ಉತ್ತರ ಹೇಳುತ್ತವೆ. ಎರಡನೆಯದಕ್ಕೆ ಇತಿಹಾಸವನ್ನೇ ಕೇಳಬೇಕು. ಲಂಡನ್ ನಗರದ ಥೇಮ್ಸ್ ತೀರವು ಈ ಎರಡೂ ಪ್ರಶ್ನೆಗಳಿಗೆ ಒಟ್ಟಿಗೇ ಉತ್ತರವೀಯುವ ಸ್ಥಳ. ಅಲ್ಲಿಯ ಒಂದು ಉದ್ಯಾನದಲ್ಲಿ ಕಲ್ಯಾಣದ ಬಸವಣ್ಣನವರ ಪ್ರತಿಮೆ ನೆಲೆಗೊಂಡಿರುವುದರಿಂದ ಕನ್ನಡಿಗರಿಗೆ ಆ ತೀರವು ತೀರ ಪರಕೀಯವೂ ಅಲ್ಲ.

ಥೇಮ್ಸ್ ನದಿಯು ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಪ್ರಾಂತದಲ್ಲಿ ಹುಟ್ಟಿ, ಸುಮಾರು 346 ಕಿಲೋಮೀಟರು ಹರಿದು, ಲಂಡನ್ನನ್ನು ಹಾಯ್ದು, ಉತ್ತರ ಸಮುದ್ರವನ್ನು ಸೇರುತ್ತದೆ. ನಮ್ಮ ಕಾವೇರಿಯ ಅರ್ಧದಷ್ಟೂ ಉದ್ದವಿಲ್ಲದ ನದಿ ಇದು. ಆದರೆ ಇದಕ್ಕೊಂದು ವಿಶೇಷವುಂಟು. ಕಡಲಿನ ಉಬ್ಬರವಿಳಿತಗಳು ಇದರೊಳಗೆ ನುಗ್ಗಿ ಲಂಡನ್ನಿನ ಪಶ್ಚಿಮಕ್ಕಿರುವ ಟೆಡಿಂಗ್ಟನ್ನಿನವರೆಗೂ ಬರುತ್ತವೆ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ನಗರದ ಮಧ್ಯದಲ್ಲಿ ಈ ಏರಿಳಿತ 7 ಮೀಟರುಗಳವರೆಗೂ ಇರುವುದುಂಟು. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆಯೆಲ್ಲ ತಾನಾಗಿ ಅರ್ಥವಾಗುತ್ತದೆ. ಉಬ್ಬರವು ಹಡಗುಗಳನ್ನು ನಗರದ ಒಳಗೆ ತಂದಿತು; ಅದರಿಂದ ಲಂಡನ್ ಶ್ರೀಮಂತವಾಯಿತು. ಅದೇ ಉಬ್ಬರವು, ಜನ ನದಿಗೆ ಎಸೆದ ಹೊಲಸನ್ನು ಮರಳಿ ಅವರ ಬಾಗಿಲಿಗೆ ತಂದಿತು. ಅದರಿಂದ ಲಂಡನ್ ಸಾವುನೋವುಗಳಿಗೆ ಈಡಾಯಿತು.

ಪುರಾತನ ತೀರ

ಕ್ರಿಸ್ತಶಕ ಒಂದನೆಯ ಶತಮಾನದ ಮಧ್ಯಭಾಗದಲ್ಲಿ ರೋಮನ್ನರು ಈ ನದಿಯ ಉತ್ತರ ದಡದಲ್ಲಿ ಲೊಂಡಿನಿಯಂ ಎಂಬ ಪಟ್ಟಣವನ್ನು ನೆಲೆಗೊಳಿಸಿದರು. ಅವರು ನದಿಗೆ ಸೇತುವೆ ಕಟ್ಟಿದ ಸ್ಥಳದ ಸುತ್ತಮುತ್ತಲೇ ಮುಂದಿನ ಲಂಡನ್ ಸೇತುವೆಗಳೆಲ್ಲ ಎದ್ದವು. ಅವುಗಳಲ್ಲಿ 1209ರಲ್ಲಿ ಪೂರ್ಣಗೊಂಡ ಕಲ್ಲಿನ ಸೇತುವೆಯು ಆರು ನೂರು ವರ್ಷಗಳಿಗೂ ಮಿಕ್ಕು ಬಾಳಿತು. ಅದರ ಮೇಲೆ ಮನೆಗಳೂ ಅಂಗಡಿಗಳೂ ಪ್ರಾರ್ಥನಾ ಮಂದಿರವೂ ಇದ್ದವು. ಅದರ ಕಮಾನುಗಳು ಕಿರಿದಾಗಿದ್ದುದರಿಂದ ನೀರಿನ ಓಟ ಕುಗ್ಗಿ, ಕಡುಚಳಿಯ ವರ್ಷಗಳಲ್ಲಿ ನದಿಯು ಹೆಪ್ಪುಗಟ್ಟುತ್ತಿತ್ತು. ಆಗ ಜನ ಮಂಜುಗಡ್ಡೆಯ ಮೇಲೆಯೇ ಜಾತ್ರೆ ನಡೆಸುತ್ತಿದ್ದರು. ಅಂತಹ ಕೊನೆಯ ಜಾತ್ರೆ ನಡೆದದ್ದು 1814ರಲ್ಲಿ. 1831ರಲ್ಲಿ ಹೊಸ ಸೇತುವೆ ಸಿದ್ಧವಾಗಿ ಹಳೆಯದನ್ನು ಕೆಡವಿದ ಮೇಲೆ ನದಿಯ ಓಟ ಬಿರುಸಾಯಿತು. ಜಾತ್ರೆಗಳು ನೆನಪಾಗಿ ಉಳಿದವು.

ಸೇತುವೆಯ ಪೂರ್ವಕ್ಕೆ, ಉತ್ತರ ದಡದಲ್ಲಿಯೇ, ಲಂಡನ್ ಗೋಪುರವೆಂದು ಪ್ರಸಿದ್ಧವಾದ ಕೋಟೆಯಿದೆ. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ವಿಲಿಯಂ ದೊರೆಯು ಅದರ ನಡುವಣ ಶ್ವೇತ ಗೋಪುರವನ್ನು ಕಟ್ಟಿಸಲು ತೊಡಗಿದನು. ಅರಮನೆ, ಸೆರೆಮನೆ, ಟಂಕಸಾಲೆ, ಆಯುಧಾಗಾರ ಎಲ್ಲವೂ ಆಗಿದ್ದ ಆ ಕೋಟೆಯಲ್ಲಿ ಈಗ ರಾಜಮನೆತನದ ಕಿರೀಟಾಭರಣಗಳನ್ನು ಇರಿಸಿದ್ದಾರೆ. ನದಿಯ ಕಡೆಗೆ ತೆರೆದಿರುವ ಒಂದು ದ್ವಾರಕ್ಕೆ ‘ದ್ರೋಹಿಗಳ ಬಾಗಿಲು’ ಎಂದು ಹೆಸರು. ರಾಜದ್ರೋಹದ ಆಪಾದನೆ ಹೊತ್ತವರನ್ನು ದೋಣಿಯಲ್ಲಿ ತಂದು ಆ ಬಾಗಿಲಿನಿಂದ ಒಳಗೆ ಸಾಗಿಸುತ್ತಿದ್ದರು. ಅವರ ಪಾಲಿಗೆ ಥೇಮ್ಸ್ ತೀರವು ವಿಹಾರದ ತೀರವಾಗಿರಲಿಲ್ಲ.

ವಿಹಾರಕ್ಕೆಂದು ಆ ಕಾಲದ ಜನ ಹೋಗುತ್ತಿದ್ದುದು ದಕ್ಷಿಣ ದಡಕ್ಕೆ. ಅಲ್ಲಿಯ ಬ್ಯಾಂಕ್‌ಸೈಡ್ ಎಂಬ ಭಾಗದಲ್ಲಿ ನಗರಾಧಿಕಾರಿಗಳ ಕಟ್ಟುಪಾಡುಗಳು ನಡೆಯುತ್ತಿರಲಿಲ್ಲ. ಆದುದರಿಂದ ನಾಟಕಶಾಲೆಗಳೂ, ಕರಡಿಗಳ ಮೇಲೆ ನಾಯಿಗಳನ್ನು ಬಿಡುವ ಕ್ರೂರ ವಿನೋದಗಳೂ ಅಲ್ಲಿ ಒಂದರ ಪಕ್ಕದಲ್ಲೊಂದು ನಡೆದವು. ಷೇಕ್ಸ್‌ಪಿಯರನ ತಂಡದ ಗ್ಲೋಬ್ ರಂಗಮಂದಿರವು 1599ರಲ್ಲಿ ಅಲ್ಲಿಯೇ ಎದ್ದಿತು. 1613ರಲ್ಲಿ ನಾಟಕದ ನಡುವೆ ಹಾರಿಸಿದ ಫಿರಂಗಿಯ ಕಿಡಿ ಹುಲ್ಲುಮಾಡಿಗೆ ತಗುಲಿ ಅದು ಸುಟ್ಟುಹೋಯಿತು. ಮರಳಿ ಕಟ್ಟಿದ ಮಂದಿರವನ್ನು 1642ರಲ್ಲಿ ಧರ್ಮನಿಷ್ಠುರರ ಆಡಳಿತವು ಮುಚ್ಚಿಸಿತು. ಹೀಗೆ ಈ ತೀರದ ವಿಹಾರವು ಬಹುಕಾಲ ಊರಾಚೆಯ ವಸ್ತುವಾಗಿ, ಮರ್ಯಾದೆಯ ಗೆರೆಯ ಹೊರಗೇ ಉಳಿಯಿತು.

ಕಳಂಕಿತವಾದ ನದಿ

ಹತ್ತೊಂಬತ್ತನೆಯ ಶತಮಾನದ ನಡುವೆ ಲಂಡನ್ನಿನ ಜನಸಂಖ್ಯೆ ಸುಮಾರು 25 ಲಕ್ಷವನ್ನು ಮುಟ್ಟಿತು. ಅಷ್ಟು ದೊಡ್ಡ ನಗರ ಆಗ ಲೋಕದಲ್ಲಿ ಮತ್ತೊಂದಿರಲಿಲ್ಲ. ಅದುವರೆಗೆ ಮನೆಮನೆಯ ಮಲಗುಂಡಿಗಳನ್ನು ರಾತ್ರಿಯ ವೇಳೆ ಬಗೆದು, ಗೊಬ್ಬರಕ್ಕೆಂದು ಹೊಲಗಳಿಗೆ ಸಾಗಿಸುತ್ತಿದ್ದರು. ನೀರು ಸುರಿದು ತೊಳೆಯುವ ಶೌಚಾಲಯಗಳು ಬಳಕೆಗೆ ಬಂದಂತೆ ಆ ಗುಂಡಿಗಳು ತುಂಬಿ ಹರಿದವು. ಮಳೆನೀರಿಗೆಂದು ಇದ್ದ ಚರಂಡಿಗಳಿಗೆ ಅವುಗಳನ್ನು ಕೂಡಿಸಲಾಯಿತು. ಆ ಚರಂಡಿಗಳೆಲ್ಲ ಥೇಮ್ಸ್ ನದಿಗೆ ಬಿದ್ದವು. ಮನೆ ಶುಚಿಯಾಯಿತು, ನದಿ ಮಲಿನವಾಯಿತು. ಆ ನದಿಯ ನೀರನ್ನೇ ಅನೇಕ ಬಡಾವಣೆಗಳ ಜನ ಕುಡಿಯುತ್ತಿದ್ದರು.

1832ರಿಂದ ಮೊದಲ್ಗೊಂಡು ಕಾಲರಾ ಮಾರಿಯು ನಾಲ್ಕು ಸಲ ನಗರದ ಮೇಲೆರಗಿ ಸಾವಿರ ಸಾವಿರ ಜನರನ್ನು ಬಲಿ ತೆಗೆದುಕೊಂಡಿತು. ದುರ್ಗಂಧವೇ ರೋಗಕ್ಕೆ ಕಾರಣವೆಂಬುದು ಆ ಕಾಲದ ವೈದ್ಯರ ದೃಢವಾದ ನಂಬಿಕೆ. ಜಾನ್ ಸ್ನೋ ಎಂಬ ವೈದ್ಯನೊಬ್ಬನು ರೋಗವು ಕುಡಿಯುವ ನೀರಿನಿಂದ ಹರಡುತ್ತದೆಂದು ವಾದಿಸಿದನು. 1854ರಲ್ಲಿ ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿ, ಅವು ಒಂದೇ ಬೀದಿಯ ಕೈಪಂಪಿನ ಸುತ್ತ ಮುತ್ತಿಕೊಂಡಿರುವುದನ್ನು ತೋರಿಸಿದನು. ಆದರೂ ವಿದ್ವಾಂಸರು ಅವನ ಮಾತನ್ನು ಒಪ್ಪಲಿಲ್ಲ.

1855ರ ಜುಲೈ ತಿಂಗಳಿನಲ್ಲಿ ವಿಜ್ಞಾನಿ ಮೈಕೇಲ್ ಫ್ಯಾರಡೆಯು ನದಿಯಲ್ಲಿ ಉಗಿದೋಣಿಯ ಪಯಣ ಮಾಡಿದನು. ಅವನು ಬಿಳಿಯ ರಟ್ಟಿನ ಚೂರುಗಳನ್ನು ಒದ್ದೆ ಮಾಡಿ ದೋಣಿಗಟ್ಟೆಗಳ ಬಳಿ ನೀರಿಗೆ ಬಿಟ್ಟನು. ಒಂದು ಅಂಗುಲ ಮುಳುಗುವ ಮುನ್ನವೇ ಅವು ಕಣ್ಮರೆಯಾದವು. ಈ ಸರಳ ಪರೀಕ್ಷೆಯ ವರದಿಯನ್ನು ಅವನು ಪತ್ರಿಕೆಗೆ ಬರೆದು, ಹೊಣೆಗಾರರು ಎಚ್ಚರಗೊಳ್ಳದಿದ್ದರೆ ಬೇಸಗೆಯೊಂದು ತಕ್ಕ ಪಾಠ ಕಲಿಸುವುದೆಂದು ಎಚ್ಚರಿಸಿದನು. ಶಾಲೆಯ ಮಕ್ಕಳೂ ಮಾಡಬಹುದಾದ ಪರೀಕ್ಷೆ ಅದು. ಮಹಾವಿಜ್ಞಾನಿಯೊಬ್ಬನು ಅದನ್ನು ಮಾಡಲು ಸಂಕೋಚಪಡಲಿಲ್ಲವೆಂಬುದು ಉಪಾಧ್ಯಾಯರು ಗಮನಿಸತಕ್ಕ ವಿಷಯ.

ಆ ಬೇಸಗೆ 1858ರಲ್ಲಿ ಬಂದಿತು. ಚರಿತ್ರಕಾರರು ಅದನ್ನು ‘ಮಹಾದುರ್ನಾತ’ದ ವರ್ಷವೆಂದೇ ಕರೆಯುತ್ತಾರೆ. ಬಿಸಿಲಿಗೆ ನೀರು ಇಳಿದು ದಡದ ಕೆಸರೆಲ್ಲ ನಾರಿತು. ಪಾರ್ಲಿಮೆಂಟಿನ ಭವನ ನದಿಯ ಅಂಚಿನಲ್ಲಿಯೇ ಇದ್ದುದರಿಂದ ಅದರ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ಕಿಟಕಿಗಳಿಗೆ ಇಳಿಬಿಟ್ಟರು. ಆದರೂ ಸದಸ್ಯರು ಮೂಗಿಗೆ ವಸ್ತ್ರ ಹಿಡಿದು ಹೊರಗೆ ಓಡಬೇಕಾಯಿತು. ಬಡವರ ಕೇರಿಗಳಲ್ಲಿ ಇಪ್ಪತ್ತೈದು ವರ್ಷ ಜನ ಸಾಯುತ್ತಿದ್ದಾಗ ಹೊರಡದಿದ್ದ ಕಾನೂನು, ದುರ್ವಾಸನೆ ಶಾಸಕರ ಮೂಗನ್ನು ಮುಟ್ಟಿದೊಡನೆ ಹದಿನೆಂಟು ದಿನಗಳಲ್ಲಿ ಸಿದ್ಧವಾಯಿತು. ಸುಮಾರು 30 ಲಕ್ಷ ಪೌಂಡುಗಳ ಸಾಲವೆತ್ತಲು ಅನುಮತಿ ದೊರೆಯಿತು. ಅದೇ ಬೇಸಗೆಯ ಜೂನ್ ತಿಂಗಳಿನಲ್ಲಿ ಜಾನ್ ಸ್ನೋ ತೀರಿಕೊಂಡಿದ್ದನು. ತನ್ನ ಮಾತು ಗೆದ್ದುದನ್ನು ಅವನು ಕಾಣಲಿಲ್ಲ.

ನೆಲದಡಿಯ ನದಿಗಳು

ಈ ಮಹಾಕಾರ್ಯದ ಹೊಣೆ ಹೊತ್ತವನು ನಗರ ಮಂಡಲಿಯ ಮುಖ್ಯ ಇಂಜಿನಿಯರ್ ಜೋಸೆಫ್ ಬ್ಯಾಜಲ್‌ಜೆಟ್. ಅವನ ಯೋಜನೆಯ ಸಾರ ಹೀಗಿದೆ. ಉತ್ತರದಿಂದಲೂ ದಕ್ಷಿಣದಿಂದಲೂ ಕೊಳಚೆ ನೀರು ನದಿಗೆ ಬೀಳುವ ಮುನ್ನವೇ ಅದನ್ನು ಅಡ್ಡಹಿಡಿಯುವುದಕ್ಕೆ, ನದಿಗೆ ಸಮಾನಾಂತರವಾಗಿ ಪಶ್ಚಿಮದಿಂದ ಪೂರ್ವಕ್ಕೆ ದೊಡ್ಡ ಒಳಚರಂಡಿಗಳನ್ನು ಕಟ್ಟಬೇಕು. ನೆಲದ ಇಳಿಜಾರಿನಿಂದ ಹರಿಯುವಷ್ಟು ಹರಿಯಲಿ. ಹರಿಯದಲ್ಲಿ ಉಗಿಯಂತ್ರಗಳಿಂದ ಮೇಲೆತ್ತಬೇಕು. ನಗರದ ಪೂರ್ವಕ್ಕೆ ಬಹುದೂರದಲ್ಲಿ ಅದನ್ನು ಕೂಡಿಟ್ಟು, ಇಳಿತದ ವೇಳೆ ನೋಡಿ ಬಿಡಬೇಕು. ಆಗ ಕಡಲು ಅದನ್ನು ಸೆಳೆದೊಯ್ಯುತ್ತದೆ. ಸುಮಾರು 132 ಕಿಲೋಮೀಟರು ಉದ್ದದ ಮುಖ್ಯ ಒಳಚರಂಡಿಗಳೂ, ಅವುಗಳಿಗೆ ಕೂಡುವ ನೂರಾರು ಮೈಲಿಗಳ ಬೀದಿಚರಂಡಿಗಳೂ ಸಿದ್ಧವಾದವು. ಬಳಸಿದ ಇಟ್ಟಿಗೆಗಳ ಸಂಖ್ಯೆ ಸುಮಾರು 31 ಕೋಟಿ 80 ಲಕ್ಷ. ದಕ್ಷಿಣ ದಡದ ಕ್ರಾಸ್‌ನೆಸ್ ಯಂತ್ರಾಗಾರವನ್ನು 1865ರಲ್ಲಿ ಯುವರಾಜನೇ ಬಂದು ಪ್ರಾರಂಭಿಸಿದನು.

ಫಲವನ್ನು ಕಾಣಲು ಬಹುಕಾಲ ಕಾಯಬೇಕಾಗಲಿಲ್ಲ. 1866ರಲ್ಲಿ ಕಾಲರಾ ಮತ್ತೊಮ್ಮೆ ಬಂದಾಗ ಅದು ಹೆಚ್ಚಾಗಿ ಪೂರ್ವ ಲಂಡನ್ನನ್ನೇ ಬಾಧಿಸಿತು. ಹೊಸ ವ್ಯವಸ್ಥೆ ಇನ್ನೂ ಪೂರ್ಣಗೊಳ್ಳದೆ ಉಳಿದಿದ್ದ ಭಾಗ ಅದು. ಆ ಮೇಲೆ ಲಂಡನ್ನಿನಲ್ಲಿ ಕಾಲರಾದ ದೊಡ್ಡ ಹಾವಳಿ ನಡೆಯಲಿಲ್ಲ. ದುರ್ಗಂಧವನ್ನು ಓಡಿಸಲೆಂದು ಕಟ್ಟಿದ ಚರಂಡಿಯು ವಾಸ್ತವವಾಗಿ ಕುಡಿಯುವ ನೀರನ್ನು ಕಾಪಾಡಿತು. ಕಾರಣವನ್ನು ತಪ್ಪಾಗಿ ತಿಳಿದಿದ್ದರೂ ಕಾರ್ಯವನ್ನು ಶ್ರದ್ಧೆಯಿಂದ ಮಾಡಿದುದರಿಂದ ಜನ ಬದುಕಿದರು.

ಈಗಿನ ವಿಹಾರಿಗಳು ನಡೆದಾಡುವ ತೀರವು ಹುಟ್ಟಿದ್ದು ಇದೇ ಕಾರ್ಯದಲ್ಲಿ. ಉತ್ತರ ದಡದಲ್ಲಿ ಒಳಚರಂಡಿಯನ್ನು ಬೀದಿಗಳ ಅಡಿಯಲ್ಲಿ ಒಯ್ದರೆ ಮನೆ ಮಳಿಗೆಗಳನ್ನೆಲ್ಲ ಕೆಡವಬೇಕಾಗುತ್ತಿತ್ತು. ಅದಕ್ಕೆ ಬದಲಾಗಿ ನದಿಯ ಅಂಚಿನ ಕೆಸರಿನಲ್ಲಿಯೇ ಗ್ರಾನೈಟ್ ಕಲ್ಲಿನ ದೃಢವಾದ ಕಟ್ಟೆಯನ್ನು ಎಬ್ಬಿಸಿ, ಅದರ ಹಿಂದೆ ಮಣ್ಣು ತುಂಬಿ ಹೊಸ ನೆಲವನ್ನು ಮಾಡಿಕೊಂಡರು. 1870ರಲ್ಲಿ ತೆರೆದ ಈ ವಿಕ್ಟೋರಿಯಾ ತಟಾಕಟ್ಟೆಯ ಒಡಲಿನಲ್ಲಿ ಒಳಚರಂಡಿ, ನೆಲದಡಿಯ ರೈಲುಮಾರ್ಗ, ಕೊಳವೆಗಳ ಸುರಂಗ ಇವೆಲ್ಲವೂ ಇವೆ. ಮೇಲೆ ರಾಜಮಾರ್ಗ, ಸಾಲುಮರ, ಉದ್ಯಾನ. ಸಂಜೆಯ ತಂಗಾಳಿಗೆ ಅಲ್ಲಿ ಕುಳಿತವರ ಪಾದದಡಿಯಲ್ಲಿಯೇ ನಗರದ ಕೊಳಚೆ ಅವರಿಗೆ ತಿಳಿಯದಂತೆ ಹರಿದುಹೋಗುತ್ತಿರುತ್ತದೆ.

ಹೊಸದಾಗಿ ದೊರೆತ ನೆಲ ಯಾರದು ಎಂಬ ವಿವಾದವೂ ಆಗ ಎದ್ದಿತು. ಅದರ ಒಂದು ಭಾಗದಲ್ಲಿ ಕಟ್ಟಡಗಳನ್ನೆಬ್ಬಿಸಿ ಆದಾಯ ಪಡೆಯಬೇಕೆಂಬುದು ಸರ್ಕಾರದ ಆಲೋಚನೆಯಾಗಿತ್ತು. ಪಾರ್ಲಿಮೆಂಟಿನ ಸದಸ್ಯರಾಗಿದ್ದ ಡಬ್ಲ್ಯು. ಎಚ್. ಸ್ಮಿತ್ ಮೊದಲಾದವರು ಅದನ್ನು ವಿರೋಧಿಸಿ, ಜನರ ಹಣದಿಂದ ನದಿಯಿಂದ ಪಡೆದ ನೆಲವು ಜನರ ವಿಹಾರಕ್ಕೇ ಉಳಿಯಬೇಕೆಂದು ಹಟ ಹಿಡಿದರು. ಕೊನೆಗೆ ಉದ್ಯಾನವೇ ಗೆದ್ದಿತು. ಕಟ್ಟುವವರ ಶ್ರಮದಷ್ಟೇ ಕಾಪಾಡುವವರ ಹಟವೂ ಆ ತೀರಕ್ಕೆ ಬೇಕಾಯಿತೆಂಬುದು ಇದರಿಂದ ತಿಳಿದುಬರುತ್ತದೆ.

ಒಂದೇ ಸೆಪ್ಟೆಂಬರಿನ ಎರಡು ಘಟನೆಗಳು

ವಿಕ್ಟೋರಿಯಾ ಕಟ್ಟೆಯ ಮೇಲೆ ಪ್ರವಾಸಿಗಳು ತಪ್ಪದೆ ನೋಡುವ ವಸ್ತು ಈಜಿಪ್ಟಿನ ಏಕಶಿಲಾಸ್ತಂಭ. ಮೂರನೆಯ ಥಟ್‌ಮೋಸ್ ಎಂಬ ದೊರೆಯು ಕ್ರಿಸ್ತಪೂರ್ವ ಸುಮಾರು 1450ರಲ್ಲಿ ನಿಲ್ಲಿಸಿದ್ದು ಅದು. ‘ಕ್ಲಿಯೋಪಾತ್ರಳ ಸೂಜಿ’ ಎಂದು ಹೆಸರಾಗಿದ್ದರೂ ಅವಳಿಗಿಂತ ಸಾವಿರದ ನಾನೂರು ವರ್ಷ ಹಳೆಯದು. ಅದನ್ನು ಕಬ್ಬಿಣದ ಉರುಳೆಯಾಕಾರದ ನೌಕೆಯಲ್ಲಿಟ್ಟು ತರುವಾಗ ಬಿರುಗಾಳಿಗೆ ಸಿಕ್ಕಿ ಆರು ಮಂದಿ ನಾವಿಕರು ಪ್ರಾಣ ತೆತ್ತರು. 1878ರ ಸೆಪ್ಟೆಂಬರಿನಲ್ಲಿ ಅದು ಥೇಮ್ಸ್ ತೀರದಲ್ಲಿ ನೆಟ್ಟಗೆ ನಿಂತಿತು. ಅದೇ ವರ್ಷ ಆ ಕಟ್ಟೆಯ ಮೇಲೆ ವಿದ್ಯುದ್ದೀಪಗಳೂ ಬೆಳಗಿದವು.

ಅದೇ ಸೆಪ್ಟೆಂಬರಿನ 3ನೆಯ ದಿನಾಂಕದಂದು ನಗರದ ಪೂರ್ವಕ್ಕೆ ಇನ್ನೊಂದು ಘಟನೆ ನಡೆಯಿತು. ‘ಪ್ರಿನ್ಸೆಸ್ ಆಲಿಸ್’ ಎಂಬ ವಿಹಾರನೌಕೆಯು ಸಂಸಾರ ಸಮೇತರಾಗಿ ಬಂದಿದ್ದ ನೂರಾರು ಜನರನ್ನು ಹೊತ್ತು, ಒಂದು ದಿನದ ಸಂತೋಷ ಮುಗಿಸಿ, ಸಂಜೆ ಲಂಡನ್ನಿಗೆ ಮರಳುತ್ತಿತ್ತು. ಎದುರಿನಿಂದ ಬಂದ ಕಲ್ಲಿದ್ದಲಿನ ಹಡಗು ಅದಕ್ಕೆ ಬಡಿದು ಕೆಲವೇ ನಿಮಿಷಗಳಲ್ಲಿ ಅದು ಮುಳುಗಿತು. ಆರು ನೂರಕ್ಕೂ ಹೆಚ್ಚು ಜನ ಸತ್ತರು. ಅಪಘಾತವಾದದ್ದು ಬ್ಯಾಜಲ್‌ಜೆಟ್ಟನ ಒಳಚರಂಡಿಗಳು ನದಿಗೆ ತೆರೆದುಕೊಳ್ಳುವ ಸ್ಥಳದ ಸಮೀಪದಲ್ಲಿ. ಕೊಳಚೆಯನ್ನು ಬಿಟ್ಟು ಹೆಚ್ಚು ಹೊತ್ತಾಗಿರಲಿಲ್ಲ. ಈಜಬಲ್ಲವರಿಗೂ ಆ ನೀರಿನಲ್ಲಿ ಉಳಿವು ದುಸ್ತರವಾಯಿತು.

ನಗರವು ತನ್ನ ಹೊಲಸನ್ನು ಕಣ್ಣಿನಿಂದ ಮರೆಮಾಡಿತ್ತು, ಇಲ್ಲವಾಗಿಸಿರಲಿಲ್ಲ. ಮೇಲಿನ ತೀರದಲ್ಲಿ ಉದ್ಯಾನವರಳಿದಾಗ ಕೆಳಗಿನ ತೀರದ ಜನ ಅದರ ಬೆಲೆಯನ್ನು ತೆತ್ತರು. ಈ ದುರಂತವೂ ಜನರ ದೂರುಗಳೂ ಸೇರಿ, ಕೊಳಚೆಯಿಂದ ಗಸಿಯನ್ನು ಬೇರ್ಪಡಿಸುವ ಪದ್ಧತಿ ಆರಂಭವಾಯಿತು. 1887ರಿಂದ ಆ ಗಸಿಯನ್ನು ಹಡಗುಗಳಲ್ಲಿ ಕಡಲಿಗೆ ಒಯ್ದು ಸುರಿದರು. ಆ ಪದ್ಧತಿಯೂ ಕಡಲಿಗೆ ಕೇಡೆಂದು ಮನಗಂಡು 1998ರಲ್ಲಿ ನಿಲ್ಲಿಸಿದರು.

ಇಷ್ಟಾದರೂ ನದಿ ಉಳಿಯಲಿಲ್ಲ. ನಗರ ಬೆಳೆಯಿತು, ಕಾರ್ಖಾನೆಗಳು ಹೆಚ್ಚಿದವು, ಎರಡನೆಯ ಮಹಾಯುದ್ಧದ ಬಾಂಬುಗಳು ಹಳೆಯ ಚರಂಡಿಗಳನ್ನು ಒಡೆದವು. 1957ರಲ್ಲಿ ಲಂಡನ್ನಿನ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯದ ವಿಜ್ಞಾನಿಗಳು ನಗರದೊಳಗಿನ ಥೇಮ್ಸ್ ನದಿಯು ಜೀವರಹಿತವಾಗಿದೆಯೆಂದು ಸಾರಿದರು. ಮೀನು ಬದುಕುವಷ್ಟು ಆಮ್ಲಜನಕ ಅದರ ನೀರಿನಲ್ಲಿರಲಿಲ್ಲ. ಅನಂತರದ ದಶಕಗಳಲ್ಲಿ ಕೊಳಚೆ ಶುದ್ಧೀಕರಣಾಗಾರಗಳನ್ನು ಹೊಸದಾಗಿ ಕಟ್ಟಿದರು; ಕಾರ್ಖಾನೆಗಳಿಗೆ ಕಟ್ಟುಪಾಡುಗಳನ್ನು ವಿಧಿಸಿದರು. 1974ರಲ್ಲಿ ಒಂದು ಸಾಲ್ಮನ್ ಮೀನು ಥೇಮ್ಸ್ ನದಿಯಲ್ಲಿ ದೊರೆತಾಗ ಅದೊಂದು ದೊಡ್ಡ ಸುದ್ದಿಯಾಯಿತು. ನೂರ ನಲವತ್ತು ವರ್ಷಗಳ ಮೇಲೆ ಮೊದಲ ಸಲ ಕಂಡ ಮೀನು ಅದು. ಈಗ ನೂರಕ್ಕೂ ಹೆಚ್ಚು ಜಾತಿಯ ಮೀನುಗಳೂ, ನದಿಯ ಮುಖದ ಬಳಿ ಸೀಲುಗಳೂ ಅಲ್ಲಿ ವಾಸವಾಗಿವೆ. ಸತ್ತಿತೆಂದು ವಿಜ್ಞಾನಿಗಳು ಸಾರಿದ ನದಿಯೊಂದು ಮತ್ತೆ ಬದುಕಿತು.

ಇಂದಿನ ತೀರವಿಹಾರ

ನದಿ ಶುಚಿಯಾದಂತೆ ಜನ ತೀರಕ್ಕೆ ಮರಳಿದರು. 1951ರಲ್ಲಿ, ಯುದ್ಧದಿಂದ ಬಳಲಿದ್ದ ದೇಶಕ್ಕೆ ಉತ್ಸಾಹ ತುಂಬಲೆಂದು ದಕ್ಷಿಣ ದಡದಲ್ಲಿ ಒಂದು ಮಹೋತ್ಸವವನ್ನು ಏರ್ಪಡಿಸಿದರು. ಆಗ ಕಟ್ಟಿದ ರಾಯಲ್ ಫೆಸ್ಟಿವಲ್ ಸಂಗೀತಭವನವು ಇಂದಿಗೂ ನಿಂತಿದೆ. 1976ರಲ್ಲಿ ಅದರ ನೆರೆಯಲ್ಲಿ ರಾಷ್ಟ್ರೀಯ ನಾಟಕಶಾಲೆ ತೆರೆಯಿತು. 1996ರಲ್ಲಿ ನದಿಯ ಉಗಮದಿಂದ ನಗರದ ಪೂರ್ವದವರೆಗೆ ಸುಮಾರು 300 ಕಿಲೋಮೀಟರುಗಳ ಕಾಲುದಾರಿಯನ್ನು ರಾಷ್ಟ್ರೀಯ ಪಥವೆಂದು ಘೋಷಿಸಿದರು. ಅದರಲ್ಲಿ ನಡೆಯುವವರು ಯಾರಿಗೂ ಕಾಸು ಕೊಡಬೇಕಾಗಿಲ್ಲ.

ವೆಸ್ಟ್‌ಮಿನ್‌ಸ್ಟರ್ ಸೇತುವೆಯಿಂದ ದಕ್ಷಿಣ ದಡವನ್ನು ಹಿಡಿದು ಪೂರ್ವಕ್ಕೆ ನಡೆದರೆ ಅರ್ಧ ದಿನದಲ್ಲಿ ಹಲವು ಶತಮಾನಗಳನ್ನು ದಾಟಬಹುದು. ಮೊದಲು ಕಾಣುವುದು 135 ಮೀಟರು ಎತ್ತರದ ‘ಲಂಡನ್ ಕಣ್ಣು’ ಎಂಬ ತಿರುಗುಚಕ್ರ. ಸಂಗೀತಭವನ, ನಾಟಕಶಾಲೆಗಳನ್ನು ದಾಟಿ ಮುಂದೆ ಹೋದರೆ, ಹಿಂದೆ ವಿದ್ಯುದಾಗಾರವಾಗಿದ್ದು 2000ದಲ್ಲಿ ಕಲಾಸಂಗ್ರಹಾಲಯವಾದ ಟೇಟ್ ಮಾಡರ್ನ್ ಎದುರಾಗುತ್ತದೆ. ಹೊಗೆಯುಗುಳುತ್ತಿದ್ದ ಅದರ ಚಿಮಣಿಯೀಗ ಬರಿಯ ಗುರುತಿನ ಕಂಬ. ಅದರ ಮುಂದಿನಿಂದ ಕಾಲ್ನಡಿಗೆಯ ಸೇತುವೆಯೊಂದು, 1666ರ ಮಹಾಗ್ನಿಯ ಅನಂತರ ಕ್ರಿಸ್ಟಫರ್ ರೆನ್ ಕಟ್ಟಿಸಿದ ಸಂತ ಪಾಲನ ದೇವಾಲಯದ ಕಡೆಗೆ ನೇರವಾಗಿ ಸಾಗುತ್ತದೆ. 2000ದ ಜೂನಿನಲ್ಲಿ ತೆರೆದ ಈ ಸೇತುವೆ ಜನರ ನಡಿಗೆಯ ತಾಳಕ್ಕೆ ತೂಗಾಡತೊಡಗಿ, ಎರಡೇ ದಿನಗಳಲ್ಲಿ ಮುಚ್ಚಿ, ದುರಸ್ತಿಯಾಗಿ 2002ರಲ್ಲಿ ಮತ್ತೆ ತೆರೆಯಿತು.

ಅಲ್ಲಿಂದ ಕೆಲವೇ ಹೆಜ್ಜೆಗಳಲ್ಲಿ ಗ್ಲೋಬ್ ರಂಗಮಂದಿರ. ಅಮೆರಿಕದ ನಟ ಸ್ಯಾಂ ವಾನಮೇಕರನು ಹಲವು ದಶಕ ಹೆಣಗಿ, ಹಳೆಯ ಗ್ಲೋಬಿನ ಮಾದರಿಯಲ್ಲಿ, ಅದರ ಮೂಲಸ್ಥಳದ ಸಮೀಪದಲ್ಲಿಯೇ ಇದನ್ನು ಕಟ್ಟಿಸಲು ಕಾರಣನಾದನು. ಅವನು 1993ರಲ್ಲಿ ತೀರಿಕೊಂಡನು. ಮಂದಿರವು 1997ರಲ್ಲಿ ತೆರೆಯಿತು. ಮುಂದೆ ಲಂಡನ್ ಸೇತುವೆ. ಅದನ್ನು ದಾಟಿದರೆ 1894ರಲ್ಲಿ ಪೂರ್ಣಗೊಂಡ ಟವರ್ ಸೇತುವೆ. ಹಡಗು ಬಂದಾಗ ಅದರ ನಡುವಣ ಹಾಸು ಇಬ್ಭಾಗವಾಗಿ ಬಾಗಿಲಿನಂತೆ ಮೇಲಕ್ಕೆ ತೆರೆದುಕೊಳ್ಳುತ್ತದೆ. ಇನ್ನೂ ಪೂರ್ವಕ್ಕೆ ದೋಣಿಯಲ್ಲಿ ಹೋದವರು 1675ರಲ್ಲಿ ಸ್ಥಾಪಿತವಾದ ಗ್ರಿನಿಚ್ ವೀಕ್ಷಣಾಲಯವನ್ನೂ, ಅದರಾಚೆಗೆ ಕಡಲಿನ ಹುಚ್ಚು ಉಬ್ಬರದಿಂದ ನಗರವನ್ನು ಕಾಯಲು 1982ರಿಂದ ಕಾರ್ಯನಡೆಸುತ್ತಿರುವ ಮಹಾತಡೆಯನ್ನೂ ನೋಡಬಹುದು.

ಆಲ್ಬರ್ಟ್ ಕಟ್ಟೆ ಮತ್ತು ಬಸವಣ್ಣನವರು

ವೆಸ್ಟ್‌ಮಿನ್‌ಸ್ಟರ್ ಸೇತುವೆಯಿಂದ ಪೂರ್ವಕ್ಕೆ ಹೋಗದೆ ದಕ್ಷಿಣಕ್ಕೆ ತಿರುಗಿದರೆ ಸಿಗುವುದು ಆಲ್ಬರ್ಟ್ ಕಟ್ಟೆ. ಇದನ್ನೂ ಬ್ಯಾಜಲ್‌ಜೆಟ್ಟನೇ 1860ರ ದಶಕದ ಉತ್ತರಾರ್ಧದಲ್ಲಿ ಕಟ್ಟಿಸಿದನು. ತಗ್ಗಿನ ಲ್ಯಾಂಬೆತ್ ಪ್ರದೇಶವನ್ನು ನೆರೆಯಿಂದ ಕಾಪಾಡುವುದು ಇದರ ಮುಖ್ಯ ಉದ್ದೇಶ. ನದಿಯಿಂದ ಪಡೆದ ನೆಲದಲ್ಲಿ ಸಂತ ಥಾಮಸನ ಆಸ್ಪತ್ರೆಯು 1871ರಲ್ಲಿ ಹೊಸ ಕಟ್ಟಡವನ್ನು ಪಡೆಯಿತು. ಫ್ಲಾರೆನ್ಸ್ ನೈಟಿಂಗೇಲಳು 1860ರಲ್ಲಿ ಆರಂಭಿಸಿದ ದಾದಿಯರ ಶಾಲೆ ಇದೇ ಆಸ್ಪತ್ರೆಗೆ ಸೇರಿದ್ದು. ಆಸ್ಪತ್ರೆಯ ಮುಂದಣ ಉದ್ದನೆಯ ಗೋಡೆಯ ಮೇಲೆ 2021ರಲ್ಲಿ, ಕೋವಿಡ್ ವ್ಯಾಧಿಯಿಂದ ಮಡಿದವರ ನೆನಪಿಗಾಗಿ, ಬಂಧುಗಳೂ ಸ್ವಯಂಸೇವಕರೂ ಒಂದೊಂದು ಪ್ರಾಣಕ್ಕೆ ಒಂದೊಂದರಂತೆ ಕೆಂಪು ಹೃದಯಗಳನ್ನು ಕೈಯಾರೆ ಚಿತ್ರಿಸಿದರು. ಅವುಗಳ ಸಂಖ್ಯೆ ಎರಡು ಲಕ್ಷವನ್ನು ಮೀರಿದೆ. ನದಿಯ ಆಚೆ ಪಾರ್ಲಿಮೆಂಟು ಭವನ. ಈಚೆ ಮಡಿದ ಪ್ರಜೆಗಳ ಲೆಕ್ಕ.

ಈ ಕಟ್ಟೆಯ ಉದ್ಯಾನದಲ್ಲಿ 2015ರ ನವೆಂಬರ್ 14ರಂದು ಭಾರತದ ಪ್ರಧಾನಿ ನರೇಂದ್ರ ಮೋದಿಯವರು ಬಸವೇಶ್ವರರ ಪ್ರತಿಮೆಯನ್ನು ಅನಾವರಣಗೊಳಿಸಿದರು. ಲ್ಯಾಂಬೆತ್ ಪುರಸಭೆಯ ಮೇಯರರಾಗಿದ್ದ ಕನ್ನಡಿಗ ಡಾ. ನೀರಜ್ ಪಾಟೀಲರ ಪ್ರಯತ್ನ ಇದರ ಹಿಂದಿತ್ತು. ಕೃಷ್ಣಾ ಮಲಪ್ರಭೆಗಳು ಕೂಡುವ ಸಂಗಮದಲ್ಲಿ ಬೆಳೆದ ಮಹಾನುಭಾವರ ಪ್ರತಿಮೆಯು ಥೇಮ್ಸ್ ನದಿಯ ತೀರದಲ್ಲಿ, ಪ್ರಜಾಪ್ರಭುತ್ವದ ಹಳೆಯ ಸದನವೊಂದು ಕಣ್ಣಿಗೆ ಬೀಳುವ ಎಡೆಯಲ್ಲಿ ಸ್ಥಾಪಿತವಾದದ್ದು ಔಚಿತ್ಯಪೂರ್ಣ. ಅನುಭವ ಮಂಟಪದಲ್ಲಿ ಎಲ್ಲ ಕಾಯಕದವರೂ ಸರಿಸಮನಾಗಿ ಕುಳಿತು ಮಾತಾಡಿದರೆಂಬ ಕಾರಣದಿಂದ ಆ ಸ್ಥಳವನ್ನು ಆರಿಸಿದರೆಂದು ಸಾಮಾನ್ಯವಾಗಿ ಹೇಳುತ್ತಾರೆ.

ಅದಕ್ಕೆ ಮತ್ತೊಂದು ಔಚಿತ್ಯವೂ ಉಂಟು. ಆ ಪ್ರತಿಮೆ ನಿಂತಿರುವ ಕಟ್ಟೆಯು ನದಿಯ ಕೆಸರಿನಲ್ಲಿ ಸೊಂಟದವರೆಗೆ ಇಳಿದು ದುಡಿದವರ ಕೈಕೆಲಸ. ಅವರ ಹೆಸರುಗಳನ್ನು ಯಾವ ಕಲ್ಲೂ ಹೇಳುವುದಿಲ್ಲ. ಶರಣರ ಪರಂಪರೆಯಲ್ಲಿ ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯನಿಗೂ, ಅಂಗಳ ಗುಡಿಸುವ ಕಾಯಕದ ಸತ್ಯಕ್ಕನಿಗೂ ಮಂತ್ರಿಪದವಿಯ ಬಸವಣ್ಣನವರಿಗೆ ಸಮನಾದ ಗೌರವ ಸಂದಿತು. ಕೊಳೆಯನ್ನು ಮಾಡುವವನು ಮೇಲು, ಕೊಳೆಯನ್ನು ತೆಗೆಯುವವನು ಕೀಳು ಎಂಬ ಲೋಕದ ಲೆಕ್ಕವನ್ನು ತಿರುವುಮುರುವು ಮಾಡಿದವರು ಅವರು. ಆ ಕಟ್ಟೆಯ ಮೇಲೆ ಬಸವಣ್ಣನವರನ್ನು ಕಂಡ ಕನ್ನಡಿಗರು ಅದರ ಅಡಿಗಲ್ಲುಗಳನ್ನೂ ಒಮ್ಮೆ ನೆನೆಯುವುದು ಯುಕ್ತ.

ಮುಗಿಯದ ಕೆಲಸ

ಥೇಮ್ಸ್ ನದಿಯ ಶುಚಿತ್ವದ ಕಥೆ ಸುಖಾಂತವಾಗಿ ಮುಗಿದಿದೆಯೆಂದು ಭಾವಿಸಲಾಗದು. ಬ್ಯಾಜಲ್‌ಜೆಟ್ಟನ ಚರಂಡಿಗಳಲ್ಲಿ ಮಳೆನೀರೂ ಕೊಳಚೆಯೂ ಒಂದಾಗಿಯೇ ಹರಿಯುತ್ತವೆ. ಮಳೆ ಹೆಚ್ಚಾದಾಗ ಮನೆಗಳಿಗೆ ನುಗ್ಗದಿರಲೆಂದು ಅವು ನದಿಗೇ ತೆರೆದುಕೊಳ್ಳುವಂತೆ ಅವನು ಏರ್ಪಡಿಸಿದ್ದನು. ನಗರ ಬೆಳೆದಂತೆ, ಅಪರೂಪವಾಗಬೇಕಿದ್ದ ಈ ತುಂಬಿಹರಿಯುವಿಕೆ ಸಣ್ಣ ಮಳೆಗೂ ಆಗತೊಡಗಿತು. 2024ರಲ್ಲಿ ಆಕ್ಸ್‌ಫರ್ಡ್ ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಪ್ರಸಿದ್ಧ ದೋಣಿಸ್ಪರ್ಧೆಗೆ ಮುನ್ನ ನೀರಿನಲ್ಲಿ ಮಲಜನ್ಯ ರೋಗಾಣುಗಳು ಅಧಿಕವಾಗಿ ಕಂಡುಬಂದು, ಹುಟ್ಟು ಹಾಕುವ ವಿದ್ಯಾರ್ಥಿಗಳು ನೀರಿಗಿಳಿಯಬಾರದೆಂದು ಎಚ್ಚರಿಕೆ ಕೊಡಬೇಕಾಯಿತು. 1829ರಲ್ಲಿ ಆರಂಭವಾದ ಸ್ಪರ್ಧೆಗೆ ಇಂತಹ ಗತಿ ಬಂದಿತು.

ಇದಕ್ಕೆ ಪರಿಹಾರವಾಗಿ ನದಿಯ ಅಡಿಯಲ್ಲಿ 25 ಕಿಲೋಮೀಟರು ಉದ್ದ, 7.2 ಮೀಟರು ಅಗಲದ ಹೊಸ ಸುರಂಗವನ್ನು ಕೊರೆದರು. 2016ರಲ್ಲಿ ಆರಂಭವಾದ ನಿರ್ಮಾಣವು ಮುಗಿದು 2025ರ ಫೆಬ್ರವರಿಯಲ್ಲಿ ಎಲ್ಲ ಸಂಪರ್ಕಗಳೂ ಪೂರ್ಣಗೊಂಡವು. ತುಂಬಿ ಹರಿಯುವ ಕೊಳಚೆಯನ್ನು ಅದು ಹಿಡಿದು ಶುದ್ಧೀಕರಣಾಗಾರಕ್ಕೆ ಕಳಿಸುತ್ತದೆ. ಹೀಗೆ ಒಂದು ತಲೆಮಾರು ಮಾಡಿದ್ದನ್ನು ಇನ್ನೊಂದು ತಲೆಮಾರು ತಿದ್ದಿ ಬೆಳೆಸಬೇಕಾಗುತ್ತದೆ. ಶುಚಿತ್ವವು ಒಮ್ಮೆ ಸಂಪಾದಿಸಿ ಪೆಟ್ಟಿಗೆಯಲ್ಲಿಡುವ ಒಡವೆಯಲ್ಲ. ದಿನದಿನವೂ ಬೆಳಗಬೇಕಾದ ಪಾತ್ರೆ.

ಉಪಸಂಹಾರ

ಈ ಅಧ್ಯಯನವು ಕನ್ನಡ ನಾಡಿಗೆ ಒಂದು ಪ್ರಶ್ನೆಯನ್ನು ಒಡ್ಡುತ್ತದೆ. ಬೆಂಗಳೂರಿನ ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿತೆಂದು ಐತಿಹ್ಯ ಹೇಳುವ ಹೊಳೆಗೆ ವೃಷಭಾವತಿಯೆಂದು ಹೆಸರು. ಅರ್ಕಾವತಿಯನ್ನು ಕೂಡಿ, ಅದರ ಮೂಲಕ ಕಾವೇರಿಯನ್ನು ಸೇರುವ ಆ ಹೊಳೆಯು ದಶಕಗಳಿಂದ ನಗರದ ಕೊಳಚೆಯನ್ನು ಹೊತ್ತು ಹರಿಯುತ್ತಿದೆ. ಅದರ ಸೇತುವೆಯ ಮೇಲೆ ಹೋಗುವವರು ಮೂಗಿಗೆ ವಸ್ತ್ರ ಹಿಡಿಯುತ್ತಾರೆ. 1858ರ ಪಾರ್ಲಿಮೆಂಟಿನ ಸದಸ್ಯರು ಮಾಡಿದ್ದೂ ಇದನ್ನೇ. ವ್ಯತ್ಯಾಸವಿಷ್ಟೆ: ಅವರು ಮೂಗು ಮುಚ್ಚಿಕೊಂಡು ಹೊರಗೆ ಹೋದವರು, ಮರಳಿ ಬಂದು ಕಾನೂನು ಮಾಡಿದರು.

ದಾನಿಗಳ ಔದಾರ್ಯವು ಸಹಜವಾಗಿ ಕಣ್ಣಿಗೆ ಕಾಣುವ ಕಟ್ಟಡದ ಕಡೆಗೆ, ಗೋಪುರ ಕಮಾನುಗಳ ಕಡೆಗೆ ಹರಿಯುತ್ತದೆ. ಅದು ತಪ್ಪಲ್ಲ. ಆದರೆ ಶಾಲೆಯ ಶೌಚಾಲಯಕ್ಕೆ, ಬಚ್ಚಲ ನೀರಿನ ಇಂಗುಗುಂಡಿಗೆ, ಊರಿನ ಕೆರೆಯ ಕಾಲುವೆಗೆ ಕೊಟ್ಟ ದಾಸೋಹವೂ ಅಷ್ಟೇ ದೊಡ್ಡದು. ಅದರ ಮೇಲೆ ಹೆಸರು ಕೆತ್ತಲು ಜಾಗವಿರುವುದಿಲ್ಲ, ಅಷ್ಟೆ. ಉಪಾಧ್ಯಾಯರಾದವರು ಮಕ್ಕಳನ್ನು ಊರ ಹೊಳೆಯ ದಡಕ್ಕೆ ಒಂದು ದಿನ ಕರೆದೊಯ್ದು, ಫ್ಯಾರಡೆಯಂತೆ ಬಿಳಿಯ ರಟ್ಟಿನ ಚೂರೊಂದನ್ನು ನೀರಿಗೆ ಬಿಡಿಸಬಹುದು. ಅದು ಎಷ್ಟು ಆಳದವರೆಗೆ ಕಾಣುತ್ತದೆ? ಕಾಣದಿದ್ದರೆ, ಅದನ್ನು ಮರೆಮಾಡಿದ ಕೊಳೆ ಯಾರ ಮನೆಯಿಂದ ಬಂತು? ಈ ಎರಡು ಪ್ರಶ್ನೆಗಳಿಗೆ ಮಕ್ಕಳು ತಾವೇ ಉತ್ತರ ಹುಡುಕಿದರೆ ಅದಕ್ಕಿಂತ ಮಿಗಿಲಾದ ಇತಿಹಾಸಪಾಠವಿಲ್ಲ.

ಅಂತರಂಗದ ಶುಚಿಯನ್ನು ಹೇಳಿದ ಶರಣರು ಬಹಿರಂಗದ ಶುಚಿಯನ್ನು ಬಿಟ್ಟು ಹೇಳಲಿಲ್ಲ. ಥೇಮ್ಸ್ ತೀರದಲ್ಲಿ ಸಂಜೆ ನಡೆದಾಡುವ ಸಾಮಾನ್ಯರು ಅನುಭವಿಸುವ ಆನಂದಕ್ಕೆ ನೂರೈವತ್ತು ವರ್ಷಗಳ ಬಹಿರಂಗ ಶುಚಿಯ ದುಡಿಮೆಯೇ ತಳಹದಿ. ತುಂಗೆ, ಭದ್ರೆ, ಕೃಷ್ಣೆ, ಕಾವೇರಿಯರ ತೀರಗಳಲ್ಲಿಯೂ ಅಂತಹ ಕಾಯಕ ಮೊದಲಾಗಲಿ. ವಿಹಾರವು ತಾನಾಗಿ ಹಿಂಬಾಲಿಸುತ್ತದೆ.